ಕ್ಯಾಲೊರಿ ಆ್ಯಪಾ, ನೋಟ್‌ಬುಕ್ಕಾ? ದಾವಣಗೆರೆ ಊಟಕ್ಕೆ ಯಾವುದು ಸರಿ ಹೋಗುತ್ತೆ

ತೂಕ ಇಳಿಸೋಕೆ ತಿಂದಿದ್ದನ್ನ ಆ್ಯಪ್‌ನಲ್ಲಿ ಹಾಕಿದ್ರೂ ಆಗುತ್ತೆ, ನೋಟ್‌ಬುಕ್‌ನಲ್ಲಿ ಬರೆದ್ರೂ ಆಗುತ್ತೆ, ಆದ್ರೆ ಎರಡೂ ಮಾಡೋ ಕೆಲಸ ಬೇರೆ ಬೇರೆ.

ಆ್ಯಪ್‌ನಲ್ಲಿ ಅಂಕಿ ಸೀದಾ ಕಣ್ಣಿಗೆ ಹೊಡೆಯುತ್ತೆ. ಒಂದು ಟೇಬಲ್ ಸ್ಪೂನ್ ಬೆಣ್ಣೆ ಅಂದ್ರೆ ಸುಮಾರು 14 ಗ್ರಾಂ, 100 ಕ್ಯಾಲೊರಿ, ಈಗ ನಮ್ಮೂರ ಬೆಣ್ಣೆ ದೋಸೆ ಮೇಲೆ ಕರಗ್ತಾ ಇರೋದನ್ನ ನೋಡಿ ನೀವೇ ಲೆಕ್ಕ ಹಾಕಿ. ಆದ್ರೆ ಆ್ಯಪ್‌ನಲ್ಲಿ ಬರೀ ದೋಸೆ ಅಂತ ಹಾಕಿದ್ರೆ ಹೋಟೆಲ್‌ನೋರು ಎಷ್ಟು ಬೆಣ್ಣೆ ಹಾಕಿದ್ರು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು, ಅದಕ್ಕೇ ಬೆಣ್ಣೆನ ಬೇರೆಯಾಗೇ ಎಂಟ್ರಿ ಮಾಡಿ. ಅನ್ನದ್ದೂ ಅಷ್ಟೇ, 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, ಅದೇ 100 ಗ್ರಾಂ ಬೆಂದ ಅನ್ನಕ್ಕೆ ಸುಮಾರು 130, ಇಲ್ಲಿ ತಪ್ಪಾದ್ರೆ ದಿನದ ಲೆಕ್ಕವೇ ಹಾಳು.

ನೋಟ್‌ಬುಕ್‌ನಲ್ಲಿ ಕ್ಯಾಲೊರಿ ಸಿಗಲ್ಲ, ಚಾಳಿ ಸಿಗುತ್ತೆ. ಟೈಮು, ತಿಂದಿದ್ದು, ಹಸಿವಿತ್ತಾ ಇಲ್ವಾ, ಇಷ್ಟೇ ಬರೀರಿ. ಸಂಜೆ 6ಕ್ಕೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ಬಜ್ಜಿ, ಪಕ್ಕದಲ್ಲೇ "ಹಸಿವಿಲ್ಲ, ಫ್ರೆಂಡ್ಸ್ ಕರೆದ್ರು" ಅಂತ ವಾರವೆಲ್ಲಾ ಬಂದ್ರೆ ಎಲ್ಲಿ ಕೈ ಹಿಡೀಬೇಕು ಅಂತ ಗೊತ್ತಾಗೇ ಆಗುತ್ತೆ. ಮಂಡಕ್ಕಿ ಇರ್ಲಿ, ಮಿರ್ಚಿ ಒಂದಕ್ಕೆ ಇಳಿಸಿ, ಸೌತೆಕಾಯಿ ಜಾಸ್ತಿ ಹಾಕ್ಕೊಳ್ಳಿ.

ನನ್ ಪ್ರಕಾರ ಹೊರಗೆ ಜಾಸ್ತಿ ತಿನ್ನೋರು ಮೊದಲ ಎರಡು ಮೂರು ವಾರ ಆ್ಯಪ್ ಹಿಡೀರಿ, ಅಳತೆ ಕಣ್ಣಿಗೆ ಕೂರುತ್ತೆ, ಆಮೇಲೆ ನೋಟ್‌ಬುಕ್. ಮನೆ ರೊಟ್ಟಿ ಪಲ್ಯ ಊಟದೋರಿಗೆ ನೋಟ್‌ಬುಕ್ಕೇ ಸಾಕು. ಅಂಕಿ ನೋಡಿ ಟೆನ್ಶನ್ ಆಗಿ ಊಟ ಬಿಡೋರು ದಯವಿಟ್ಟು ಆ್ಯಪ್ ತಂಟೆಗೇ ಹೋಗ್ಬೇಡಿ, ಶುಗರ್ ಮಾತ್ರೆ ತಗೊಳ್ಳೋರು ಊಟ ಕಡಿಮೆ ಮಾಡೋ ಮುಂಚೆ ಡಾಕ್ಟರ್‌ನ ಕೇಳಿ.