ಪ್ಲೇಟ್‌ಗೆ 14 ವಿಡಿಯೋ, ಮಣ್ಣಿಗೆ ಬರೀ 2: ಒಂದು ಭೂಗೋಳ ಕೋರ್ಸ್ ಮುಗಿಸಿದ್ಮೇಲೆ

ಭೌತಿಕ ಭೂಗೋಳದ ಬಿಗಿನರ್ಸ್ ಕೋರ್ಸ್ ಒಂದನ್ನ ಮೊನ್ನೆ ಮುಗಿಸ್ದೆ. ಪೂರ್ತಿ ಆನ್‌ಲೈನ್, ಚಿಕ್ಕ ಚಿಕ್ಕ ವಿಡಿಯೋಗಳು, ಭೂಮಿಯ ಹೊಟ್ಟೆಯಿಂದ ಶುರು ಮಾಡಿ ಮೇಲ್‌ಮೇಲಕ್ಕೆ ಬರ್ತಾ ಕೊನೆಗೆ ಮಣ್ಣು, ಕಾಡು, ಹುಲ್ಲುಗಾವಲಿಗೆ ಬಂದು ನಿಲ್ಲುತ್ತೆ. ಸ್ಕೂಲಲ್ಲಿ ಭೂಗೋಳ ಅಂದ್ರೆ ಮ್ಯಾಪಲ್ಲಿ ನದಿಗೆ ನೀಲಿ ಬಣ್ಣ ಹಚ್ಚಿದ್ದಷ್ಟೇ ನೆನಪಿರೋ ನನ್ನಂಥೋರಿಗೆ ಇದು ಚೆನ್ನಾಗೇ ಇದೆ, ಆದ್ರೆ ಒಂದು ದೊಡ್ಡ ತಕರಾರಿದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ಪ್ಲೇಟ್‌ಗಳ, ಅಂದ್ರೆ ಭೂಮಿಯ ಗಟ್ಟಿ ಹೊರಕವಚದ ದೊಡ್ಡ ದೊಡ್ಡ ತುಂಡುಗಳ ಭಾಗ ಸೂಪರ್. ವ್ಯಾಖ್ಯೆ ಒದರೋ ಬದ್ಲು ಪತ್ತೇದಾರಿ ಕಥೆ ಥರ ಹೇಳ್ತಾರೆ. 1912ರಲ್ಲಿ ಜರ್ಮನ್ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ಖಂಡಗಳು ಒಂದು ಕಾಲಕ್ಕೆ ಅಂಟ್ಕೊಂಡಿದ್ವು ಅಂದಾಗ ಕೈಯಲ್ಲಿ ಸಾಕ್ಷಿ ಇತ್ತು, ಮೀಸೋಸಾರಸ್ ಅನ್ನೋ ಪುಟ್ಟ ಸರೀಸೃಪದ ಪಳೆಯುಳಿಕೆ ದಕ್ಷಿಣ ಅಮೆರಿಕದಲ್ಲೂ ಸಿಗುತ್ತೆ ಆಫ್ರಿಕಾದ ದಕ್ಷಿಣದಲ್ಲೂ ಸಿಗುತ್ತೆ, ಅಷ್ಟು ದೊಡ್ಡ ಸಾಗರ ಅದು ಈಜೋದಂತೂ ಸಾಧ್ಯ ಇಲ್ಲ. ಆದ್ರೆ ಇಡೀ ಖಂಡನ ತಳ್ಳೋ ಶಕ್ತಿ ಯಾವ್ದಪ್ಪಾ ಅಂತ ಕೇಳಿದ್ರೆ ಅವ್ರ ಹತ್ರ ಗಟ್ಟಿ ಉತ್ತರ ಇರ್ಲಿಲ್ಲ, 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರ್ಕೊಂಡ್ರು. ಖಂಡಗಳು ನಿಜವಾಗ್ಲೂ ಸರೀತಾವೆ ಅನ್ನೋದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು ಸಮುದ್ರದ ತಳದಲ್ಲಿ. ಅಲ್ಲಿ ಬಿರುಕಿಂದ ಬರೋ ಲಾವಾ ಆರೋವಾಗ ಆ ಹೊತ್ತಿನ ಕಾಂತಕ್ಷೇತ್ರದ ದಿಕ್ಕನ್ನ ಕಲ್ಲೊಳಗೆ ಹಿಡಿದಿಟ್ಕೊಳ್ಳುತ್ತೆ, ಭೂಮಿಯ ಕಾಂತಕ್ಷೇತ್ರ ಆಗಾಗ ತಲೆಕೆಳಗಾಗುತ್ತೆ, ಹಾಗಾಗಿ ಬಿರುಕಿನ ಎರಡೂ ಕಡೆ ಕನ್ನಡಿ ಹಿಡಿದಂಗೆ ಒಂದೇ ಥರದ ಕಾಂತ ಪಟ್ಟೆಗಳು, ಅಂದ್ರೆ ಬಿರುಕಲ್ಲಿ ಹೊಸ ನೆಲ ಹುಟ್ಟಿ ಎರಡೂ ಕಡೆ ಸರೀತಾ ಇದೆ. 1963ರಲ್ಲಿ ವೈನ್ ಮತ್ತೆ ಮ್ಯಾಥ್ಯೂಸ್ ಅನ್ನೋ ಇಬ್ಬರು ಭೂವಿಜ್ಞಾನಿಗಳು ಇದನ್ನ ವಿವರಿಸಿದ್ದು. ಈ ವಿಡಿಯೋನ ನಾನು 3 ಸಲ ನೋಡ್ದೆ, ನಿಜವಾಗ್ಲೂ ಮೈ ಜುಂ ಅಂತು.

ಬೇಜಾರಾಗಿದ್ದು ಅಂದ್ರೆ ಮೇರಿ ಥಾರ್ಪ್ ಹೆಸ್ರು ಎಲ್ಲೂ ಬರಲ್ಲ. ಅಟ್ಲಾಂಟಿಕ್ ಮಧ್ಯದ ಪರ್ವತಸಾಲಿನ ನಡುವೆ ಸೀಳು ಕಣಿವೆ ಇದೆ ಅಂತ ಲೆಕ್ಕ ಹಾಕಿ ನಕ್ಷೆಯಲ್ಲಿ ತೋರಿಸಿದ್ದು ಆಯಮ್ಮ, ಜೊತೇಲಿ ಕೆಲ್ಸ ಮಾಡ್ತಿದ್ದೋರೇ ಮೊದ್ಲು ನಂಬಿರ್ಲಿಲ್ಲ. ಇವ್ರು ಆ ನಕ್ಷೆ ತೋರಿಸ್ತಾರೆ, ಬರೆದೋರನ್ನ ಬಿಟ್ಟಿದಾರೆ.

ಇನ್ನೊಂದು, ಮ್ಯಾಂಟಲ್, ಅಂದ್ರೆ ಭೂಮಿಯ ಹೊರಪದರದ ಕೆಳಗಿರೋ ದಪ್ಪ ಪದರದ ಅನಿಮೇಷನ್. ಕೆಂಪಗೆ ಕುದಿಯೋ ನೀರಿನ ಮೇಲೆ ಪ್ಲೇಟ್‌ಗಳು ದೋಣಿ ಥರ ತೇಲ್ತಾವೆ! ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲು ಕಣ್ರೀ, ಬಿಸಿಗೂ ಒತ್ತಡಕ್ಕೂ ತುಂಬಾ ತುಂಬಾ ನಿಧಾನಕ್ಕೆ ಹರಿಯುತ್ತೆ ಅಷ್ಟೇ, ಪ್ಲೇಟ್‌ಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯೋದು, ಹೆಚ್ಚುಕಮ್ಮಿ ಉಗುರು ಬೆಳೆಯೋ ಸ್ಪೀಡು. ತಮಾಷೆ ಏನಪ್ಪಾ ಅಂದ್ರೆ ಭೂಕಂಪದ ವಿಡಿಯೋದಲ್ಲಿ ಅದೇ ಮೇಷ್ಟ್ರು ಎಸ್ ಅಲೆಗಳು (ಭೂಕಂಪದ ಒಂದು ಥರದ ಅಲೆ) ದ್ರವದಲ್ಲಿ ಹೋಗಲ್ಲ, ಮ್ಯಾಂಟಲ್ ದಾಟ್ತಾವೆ, ಅದರ ಕೆಳಗಿರೋ ದ್ರವದ ಹೊರ ಕೋರ್‌ಗೆ ಬಂದು ನಿಲ್ತಾವೆ ಅಂತ ಸರಿಯಾಗೇ ಹೇಳ್ತಾರೆ. ಹಂಗಾದ್ರೆ ಆ ಕೆಂಪು ನೀರು ಎಲ್ಲಿಂದ ಬಂತು?

ಹವೆ, ಗಾಳಿ, ಋತುಗಳ ಭಾಗ ಪರ್ವಾಗಿಲ್ಲ. ಭೂಮಿ ಸೂರ್ಯನಿಗೆ ಹತ್ರ ಇರೋದು ಜನವರಿ ಮೊದಲ ವಾರದ ಸುಮಾರಿಗೆ, ಬೇಸಿಗೆ ಬರೋದು ದೂರದಿಂದಲ್ಲ ಅಕ್ಷ 23.5 ಡಿಗ್ರಿ ವಾಲಿರೋದ್ರಿಂದ ಅನ್ನೋದನ್ನ ನೀಟಾಗಿ ಬಿಡಿಸಿ ಹೇಳಿದಾರೆ. ನದಿ, ಹಿಮನದಿ ಎಲ್ಲಾ, ನದಿ ಕೊರೆದ್ರೆ ವಿ ಆಕಾರದ ಕಣಿವೆ, ಹಿಮನದಿ ಕೊರೆದ್ರೆ ಯು ಆಕಾರದ ಕಣಿವೆ ಅಂತ ಓಡಿಸ್ಬಿಟ್ಟಿದಾರೆ.

ಈಗ ತಕರಾರು. ಪ್ಲೇಟ್‌ಗೆ 14 ವಿಡಿಯೋ ಕೊಟ್ಟೋರು ಮಣ್ಣಿಗೆ ಕೊಟ್ಟಿದ್ದು 2! ಅದ್ರಲ್ಲೂ ಮಣ್ಣುವಿಜ್ಞಾನಿ ಹಾನ್ಸ್ ಜೆನ್ನಿ 1941ರಲ್ಲಿ ಹೇಳಿದ, ಮಣ್ಣು ಹೇಗಿರುತ್ತೆ ಅಂತ ತೀರ್ಮಾನಿಸೋ ಐದು ಅಂಶ, ಅಂದ್ರೆ ಹವಾಗುಣ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ, ಕಾಲ, ಒಂದು ಸ್ಲೈಡ್ ಹಾಕಿ ಓದಿ ಮುಂದಕ್ಕೆ. ಅಯ್ಯೋ, ಕೋರ್ಸಲ್ಲಿ ಅಲ್ಲೀವರೆಗೂ ಕಲ್ಸಿದ್ದೆಲ್ಲಾ ಬಂದು ಸೇರೋ ಜಾಗನೇ ಅದು. ಮೂಲಶಿಲೆ ಬಂದಿದ್ದು ಪ್ಲೇಟ್‌ಗಳಿಂದ, ಹವಾಗುಣ ಗಾಳಿಯಿಂದ, ಏರಿಳಿತ ನದಿ ಹಿಮದಿಂದ.

ಅವ್ರ ಹತ್ರ ಸಾಮಾನೆಲ್ಲಾ ಇತ್ತು, ಜೋಡಿಸ್ಲಿಲ್ಲ ಅಷ್ಟೇ. ಆಂಡಿಸ್ ತಗೊಳ್ಳಿ. ಪೆಸಿಫಿಕ್ ತಳದ ನಾಸ್ಕಾ ಪ್ಲೇಟ್ ದಕ್ಷಿಣ ಅಮೆರಿಕದ ಕೆಳಗೆ ನುಗ್ತಾ ಇರೋದಕ್ಕೆ ಆ ಪರ್ವತ ಎದ್ದಿದೆ. ಅಟ್ಲಾಂಟಿಕ್ ಕಡೆಯಿಂದ ತೇವ ಹೊತ್ಕೊಂಡು ಬರೋ ಗಾಳಿ ಪೂರ್ವದ ಕಡೆ ಅಮೆಜಾನ್ ಮೇಲೆ ಮಳೆ ಸುರಿಸುತ್ತೆ, ಪಶ್ಚಿಮಕ್ಕೆ ಮಳೆನೆರಳು, ಜೊತೆಗೆ ಕರಾವಳಿ ಉದ್ದಕ್ಕೂ ಹಂಬೋಲ್ಟ್ ಶೀತಪ್ರವಾಹ, ಮೇಲಿಂದ ಇಳಿಯೋ ಒಣ ಗಾಳಿ, ಅಲ್ಲಿಗೆ ಅಟಕಾಮ ಮರುಭೂಮಿ ರೆಡಿ. ಅಟಕಾಮದಲ್ಲಿ ತೊಳೆಯೋಕೆ ನೀರೇ ಇಲ್ಲ, ಉಪ್ಪು, ನೈಟ್ರೇಟ್ ಎಲ್ಲಾ ಮಣ್ಣಲ್ಲೇ ಕೂತಿದೆ. ಅಮೆಜಾನಲ್ಲಿ ಉಲ್ಟಾ, ಮಳೆ ಪೋಷಕಾಂಶ ಎಲ್ಲಾ ತೊಳ್ಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳೇ ಜಾಸ್ತಿ ಉಳ್ದಿವೆ. ಅಷ್ಟು ದಟ್ಟ ಕಾಡು, ಬಹಳ ಕಡೆ ಕೆಳಗಿರೋದು ಬಡ ಮಣ್ಣು! ಸತ್ವ ಇರೋದು ಗಿಡಮರದಲ್ಲಿ, ಉದುರಿದ ಎಲೆ ಬೇಗ ಕೊಳೆಯುತ್ತೆ, ಬೇರುಗಳು ತಕ್ಷಣ ಹೀರ್ಕೊಳ್ತಾವೆ, ಕಾಡು ಕಡಿದ್ರೆ ಕೆಲವೇ ವರ್ಷಕ್ಕೆ ನೆಲ ಸೋತುಹೋಗುತ್ತೆ. ಕೋರ್ಸಲ್ಲಿ ನಾಸ್ಕಾ ಒಂದು ವಿಡಿಯೋದಲ್ಲಿ, ಮಳೆನೆರಳು ಇನ್ನೊಂದರಲ್ಲಿ, ಅಮೆಜಾನ್ ಕೊನೇಲಿ, ಒಂದಕ್ಕೊಂದು ಮಾತೇ ಆಡಲ್ಲ. ನಾನೇ ಅಟ್ಲಾಸ್ ಬಿಚ್ಚಿ ಕೂತ್ಕೊಂಡಾಗ ಹೊಳೆದಿದ್ದು ಇದು.

ಕ್ವಿಜ್ ಬಗ್ಗೆ ಹೇಳೋದು ಬೇಡ, ಬರೀ ಬಾಯಿಪಾಠ. ಮಣ್ಣಿನ ಪದರಗಳ ಹೆಸ್ರು ಕೇಳ್ತಾರೆ, ಅವು ಯಾಕೆ ಹಂಗಾಗಿವೆ ಅಂತ ಕೇಳಲ್ಲ.

5ಕ್ಕೆ ಮೂರೂವರೆ ಕೊಟ್ಟಿದೀನಿ, ಅದ್ರಲ್ಲಿ ಎರಡು ಆ ಪಟ್ಟೆ ವಿಡಿಯೋಗೇ. ತಗೊಳ್ಳೋರು ಪಕ್ಕದಲ್ಲಿ ಒಂದು ಅಟ್ಲಾಸ್ ಇಟ್ಕೊಳ್ಳಿ. ಮ್ಯಾಂಟಲ್ ಅನಿಮೇಷನ್ ಬಗ್ಗೆ ಅವ್ರಿಗೆ ಮೇಲ್ ಹಾಕಿದ್ದೆ, ಮುಂದಿನ ಅಪ್‌ಡೇಟಲ್ಲಿ ಸರಿ ಮಾಡ್ತೀವಿ ಅಂದ್ರು. ನಿನ್ನೆ ಚೆಕ್ ಮಾಡ್ದೆ, ಕೆಂಪು ನೀರು ಇನ್ನೂ ಕುದೀತಾನೇ ಇದೆ.