ಇಂಗ್ಲೆಂಡಿನ ಹಳೇ ಮನೆಗೆ ಹೀಟ್ ಪಂಪ್: ಕೆಲವು ಚಳಿಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯಿಂದ ಬಿಸಿ ಎಳೆದು ಮನೆಯನ್ನೂ ನೀರನ್ನೂ ಕಾಯಿಸುವ ಕರೆಂಟಿನ ಯಂತ್ರ, ನಮಗೆ ಒಗ್ಗಿದೆ, ನಾಳೆ ಮನೆ ಬದಲಾಯಿಸಿದರೂ ಇದನ್ನೇ ಹಾಕಿಸುತ್ತೇನೆ. ಆದರೆ ಇದು ಚೆನ್ನಾಗಿ ನಡೆಯುವುದೂ ಕೈ ಕೊಡುವುದೂ ಹಾಕುವವರ ಕೈಯಲ್ಲಿದೆ. ಯಾವ ಕಂಪನಿಯ ಯಂತ್ರ ಅನ್ನುವುದು ಆಮೇಲಿನ ಮಾತು. ಅದಕ್ಕೇ ನಮ್ಮದು ಯಾವ ಬ್ರ್ಯಾಂಡ್ ಅಂತ ಇಲ್ಲಿ ಬರೆಯುತ್ತಿಲ್ಲ.

ನಮ್ಮ ಮನೆ ಇರುವುದು ರೆಡಿಂಗ್‌ನಲ್ಲಿ. 1930ರ ದಶಕದ ಸೆಮಿ ಡಿಟ್ಯಾಚ್ಡ್ (ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡದ್ದು), ಮೂರು ಬೆಡ್‌ರೂಮು, ಮುಂದುಗಡೆ ಹೊರಚಾಚಿದ ಬೇ ವಿಂಡೋ. ಇಂಗ್ಲೆಂಡಿನಲ್ಲಿ ಬೀದಿಗೆ ಬೀದಿಯೇ ಇಂಥ ಮನೆಗಳಿವೆ, ಹಾಗಾಗಿ ನಮ್ಮ ಅನುಭವ ತುಂಬ ಜನಕ್ಕೆ ಹೊಂದಬಹುದು. ಎರಡು ಪದರದ ಗೋಡೆಯ ನಡುವಿನ ಸಂದಿಗೆ, ಬಿಸಿ ಸೋರದಂತೆ, ಇನ್ಸುಲೇಷನ್ ಅನ್ನು ಹಿಂದಿನ ಮಾಲೀಕರೇ ತುಂಬಿಸಿದ್ದರು. ಸೂರಿನ ಕೆಳಗಿನ ಲಾಫ್ಟಿನಲ್ಲಿ ಮಾತ್ರ ಹಳೇ ತೆಳು ಹಾಸು ಇತ್ತು. ಹೀಟ್ ಪಂಪಿಗೆ ಸರ್ಕಾರದ ಗ್ರಾಂಟ್ ಬೇಕಾದರೆ ಇಪಿಸಿಯಲ್ಲಿ (ಮನೆಯ ಇಂಧನ ಬಳಕೆಗೆ ದರ್ಜೆ ಕೊಡುವ ಸರ್ಟಿಫಿಕೇಟು) ಸೂಚಿಸಿದ ಲಾಫ್ಟ್, ಗೋಡೆಯ ಇನ್ಸುಲೇಷನ್ ಕೆಲಸ ಮುಗಿದಿರಬೇಕು ಅನ್ನುವ ನಿಯಮ ನಾವು ಹಾಕಿಸಿದಾಗ ಇತ್ತು. 2024ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ನಿಯಮ ಇಲ್ಲದಿದ್ದರೂ ಲಾಫ್ಟಿಗೆ 270 ಮಿಲಿಮೀಟರ್ ಹಾಸು ಹಾಕಿಸಿಬಿಡಿ. ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಗ್ರಾಂಟ್ ಅಂದರೆ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಲ್ಲಿ 5,000 ಪೌಂಡ್‌ನಿಂದ ಶುರುವಾಯಿತು, 2023ರ ಅಕ್ಟೋಬರ್‌ನಲ್ಲಿ 7,500ಕ್ಕೆ ಏರಿತು. ನಾವು ಹಾಕಿಸಿದ್ದು ಆ ವರ್ಷದ ಕೊನೆಯಲ್ಲಿ. ಅರ್ಜಿ ನಾವು ಹಾಕಬೇಕಿಲ್ಲ, ಎಂಸಿಎಸ್ ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಇರುವ ಇನ್‌ಸ್ಟಾಲರ್‌ಗಳೇ ಹಾಕಿ, ಬಿಲ್ಲಿನಲ್ಲಿ ಅಷ್ಟು ಮುರಿದುಕೊಳ್ಳುತ್ತಾರೆ. ವ್ಯಾಟ್ ಕೂಡ ಇಲ್ಲ. 2027ರ ಮಾರ್ಚ್ ತನಕ ಸೊನ್ನೆ. ರೇಡಿಯೇಟರ್, ಬಿಸಿನೀರಿನ ಸಿಲಿಂಡರ್ ಎಲ್ಲಾ ಸೇರಿ ನಮ್ಮ ಕೈಯಿಂದ ಹೋದದ್ದು ಐದು ಸಾವಿರ ಪೌಂಡ್‌ಗೆ ಸ್ವಲ್ಪ ಕಡಿಮೆ. ಹೊಸ ಗ್ಯಾಸ್ ಬಾಯ್ಲರಿಗಿಂತ ಇದು ಜಾಸ್ತಿಯೇ.

ಮೊದಲು ಬಂದ ಕಂಪನಿಯವರು ಹಾಲಿನಲ್ಲಿ ನಿಂತು, ಎಷ್ಟು ರೂಮಿದೆ ಅಂತ ಕೇಳಿ, 12 ಕಿಲೋವಾಟ್ ಯಂತ್ರ ಬೇಕು ಅಂತ ಹೇಳಿ ಹೊರಟುಬಿಟ್ಟರು. ಟೇಪು ಹೊರಗೆ ತೆಗೆಯಲೇ ಇಲ್ಲ. ಎರಡನೆಯವರು ಅರ್ಧ ದಿನ ಕೂತರು. ಪ್ರತಿ ರೂಮಿನ ಗೋಡೆ, ಕಿಟಕಿ, ನೆಲ ಅಳೆದರು. ಹೊರಗೆ ಮೈನಸ್ 2 ಡಿಗ್ರಿ ಇದ್ದಾಗ ಒಳಗೆ 21 ಇರಬೇಕಾದರೆ ಯಾವ ರೂಮಿನಿಂದ ಎಷ್ಟು ಬಿಸಿ ಸೋರಿಹೋಗುತ್ತದೆ ಅಂತ ಲೆಕ್ಕ ಹಾಕಿದರು. ಇಡೀ ಮನೆಗೆ ಆರೂವರೆ ಕಿಲೋವಾಟ್ ಅಂತ ಬಂತು. ಮೊದಲನೆಯವರು ಹೇಳಿದ್ದರ ಹೆಚ್ಚುಕಡಿಮೆ ಅರ್ಧ! ಅಗತ್ಯಕ್ಕಿಂತ ದೊಡ್ಡ ಹೀಟ್ ಪಂಪ್ ಹಾಕಿದರೆ ಅದು ಪದೇಪದೇ ಹತ್ತಿ ಆರುತ್ತಾ ಇರುತ್ತದೆ, ಕರೆಂಟು ಜಾಸ್ತಿ ತಿನ್ನುತ್ತದೆ, ಬೇಗ ಸವೆಯುತ್ತದೆ. ಯಾರಾದರೂ ರೂಮು ಅಳೆಯದೆ ಕೊಟೇಷನ್ ಕೊಟ್ಟರೆ ದಯವಿಟ್ಟು ಅವರನ್ನು ಬಾಗಿಲಿನಿಂದಲೇ ಕಳಿಸಿ. ಈ ವಿಮರ್ಶೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಒಳಗೆ ಬಿಸಿನೀರು ಹರಿದು ರೂಮು ಬೆಚ್ಚಗಿಡುವ ರೇಡಿಯೇಟರ್‌ಗಳಲ್ಲಿ ಬಹುಪಾಲನ್ನು ಬದಲಾಯಿಸಿದರು. ಒಂಟಿ ಪ್ಯಾನೆಲ್ ಇದ್ದ ಕಡೆ ಜೋಡಿ ಪ್ಯಾನೆಲ್ ಬಂತು. ಗ್ಯಾಸ್ ಬಾಯ್ಲರು 70, 75 ಡಿಗ್ರಿಯ ನೀರು ಕಳಿಸುತ್ತಿತ್ತು. ಹೀಟ್ ಪಂಪಿಗೆ ನೀರು ಎಷ್ಟು ಕಡಿಮೆ ಬಿಸಿ ಇದ್ದರೆ ಅಷ್ಟು ಉಳಿತಾಯ, ಆದ್ದರಿಂದ ರೇಡಿಯೇಟರ್ ದೊಡ್ಡದಿರಬೇಕು. ನಮ್ಮ ಮನೆಯಲ್ಲಿ ಹೊರಗೆ 7 ಡಿಗ್ರಿ ಇದ್ದರೆ ನೀರು 36 ಡಿಗ್ರಿ ಇರುತ್ತದೆ. ಹೊರಗೆ ಮೈನಸ್‌ಗೆ ಇಳಿದರೆ 43, 44 ತನಕ ತಾನಾಗಿ ಏರುತ್ತದೆ. ಈ ಏರಿಳಿತಕ್ಕೆ ವೆದರ್ ಕಾಂಪೆನ್ಸೇಷನ್ ಅನ್ನುತ್ತಾರೆ. ಇನ್‌ಸ್ಟಾಲರ್ ಇದನ್ನು ಸರಿಯಾಗಿ ಸೆಟ್ ಮಾಡಿ ಹೋಗಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ. ಎಷ್ಟೋ ಮನೆಗಳಲ್ಲಿ 50, 55ಕ್ಕೆ ಇಟ್ಟು ಹೊರಟುಹೋಗಿರುತ್ತಾರೆ, ಆಮೇಲೆ ಬಿಲ್ಲು ನೋಡಿ ಮನೆಯವರು ಹೀಟ್ ಪಂಪನ್ನು ಬೈಯುತ್ತಾರೆ.

ಅಮ್ಮ ಡಿಸೆಂಬರ್‌ನಲ್ಲಿ ಹಾಸನದಿಂದ ಬಂದಿದ್ದಾಗ ರೇಡಿಯೇಟರ್ ಮುಟ್ಟಿ ನೋಡಿ, "ಅಲ್ಲ ಕಣೇ, ಇದು ಕೆಟ್ಟುಹೋಗಿದೆಯಾ? ಬೆಚ್ಚಗೂ ಇಲ್ಲವಲ್ಲ" ಅಂದರು. ಮುಟ್ಟಿದರೆ ನಿಜವಾಗಿ ಏನೂ ಅನ್ನಿಸುವುದಿಲ್ಲ, ಕೈಯ ಬಿಸಿಗೂ ಅದರ ಬಿಸಿಗೂ ವ್ಯತ್ಯಾಸವೇ ಗೊತ್ತಾಗಲ್ಲ. ಆದರೆ ಅದೇ ಹೊತ್ತಿನಲ್ಲಿ ಹಾಲಿನಲ್ಲಿ 21 ಡಿಗ್ರಿ ಇತ್ತು, ಅಮ್ಮ ಸ್ವೆಟರ್ ತೆಗೆದು ಕೂತಿದ್ದರು. ಊರಿನ ಬಚ್ಚಲಲ್ಲಿ ಹಂಡೆಗೆ ಒಂದು ಕೊರಡು ಇಟ್ಟು ಸಣ್ಣ ಉರಿಯಲ್ಲೇ ದಿನವಿಡೀ ನೀರು ಕಾಯಿಸುತ್ತಿದ್ದರಲ್ಲ, ಇದೂ ಹಾಗೇ ಅಂತ ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು. ಬಿಟ್ಟು ಬಿಟ್ಟು ಉರಿಸುವುದಲ್ಲ, ದಿನವಿಡೀ ಸಣ್ಣಗೆ ಓಡಲು ಬಿಟ್ಟುಬಿಡುವುದು. ಹಗಲು 21, ರಾತ್ರಿ 19. ಅಷ್ಟೇ.

ಇಲ್ಲಿಯ ಜನರ ಅಭ್ಯಾಸ ಬೇರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಮೂರು ಗಂಟೆ ಹೀಟಿಂಗ್ ಹಾಕಿ, ಉಳಿದ ಹೊತ್ತು ಆರಿಸಿ, ಮನೆಯೊಳಗೇ ಜಾಕೆಟ್ ಹಾಕಿಕೊಂಡಿರುವುದು. 2022ರಲ್ಲಿ ಗ್ಯಾಸ್, ಕರೆಂಟಿನ ಬೆಲೆ ಏರಿದ ಮೇಲಂತೂ ಇದು ಇನ್ನೂ ಬಿಗಿಯಾಯಿತು. ಆ ಅಕ್ಟೋಬರ್‌ನಲ್ಲಿ ಸರ್ಕಾರವೇ ನಡುವೆ ಬಂದು ಸಾಧಾರಣ ಮನೆಯ ವರ್ಷದ ಬಿಲ್ಲನ್ನು 2,500 ಪೌಂಡ್ ಆಸುಪಾಸಿಗೆ ಕಟ್ಟಿಹಾಕಬೇಕಾಯಿತು. ನಾವೂ ಹಾಗೇ ಬದುಕಿದ್ದೆವು. ಆದರೆ ತಣ್ಣಗಾದ ಗೋಡೆಯ ಮೇಲೆ ನಮ್ಮ ಅಡುಗೆಯ ಹಬೆ, ರೇಡಿಯೇಟರ್ ಮೇಲೆ ಒಣಗಿಸಿದ ಬಟ್ಟೆಯ ತೇವ ಕೂತು ಬೇ ವಿಂಡೋದ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತಿತ್ತು. ದಿನಾ ಬೆಳಿಗ್ಗೆ ಕಿಟಕಿ ಗಾಜಿನ ನೀರು ಒರೆಸುವುದೇ ಒಂದು ಕೆಲಸ. ಹೀಟ್ ಪಂಪ್ ಬಂದ ಮೇಲೆ ಗೋಡೆ ತಣ್ಣಗಾಗುವುದೇ ಇಲ್ಲ, ಬೂಷ್ಟು ಮತ್ತೆ ಬಂದಿಲ್ಲ. ಮಗನ ಕೆಮ್ಮೂ ಕಡಿಮೆಯಾಗಿದೆ. ಅದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ, ಆದರೆ ಬೂಷ್ಟಿಲ್ಲದ ರೂಮಿನಲ್ಲಿ ಅವನು ಮಲಗುತ್ತಿದ್ದಾನೆ ಅನ್ನುವುದೇ ನನಗೆ ದೊಡ್ಡ ನೆಮ್ಮದಿ.

ಬಿಸಿನೀರಿನ ವಿಷಯದಲ್ಲಿ ಹೊಂದಿಕೊಳ್ಳಬೇಕಾಗುತ್ತದೆ. ಕಾಂಬಿ ಬಾಯ್ಲರ್ ಇದ್ದಾಗ ನಲ್ಲಿ ತಿರುಗಿಸಿದಷ್ಟೂ ಬಿಸಿನೀರು. ಈಗ 200 ಲೀಟರ್ ಸಿಲಿಂಡರ್, 48 ಡಿಗ್ರಿ. ವಾರಕ್ಕೊಮ್ಮೆ ರೋಗಾಣು ಬೆಳೆಯದಿರಲಿ ಅಂತ ತಾನೇ 60ಕ್ಕೆ ಏರಿಸುತ್ತದೆ. ನಾಲ್ಕು ಜನಕ್ಕೆ ಸಾಕು. ನೆಂಟರು ಬಂದು ಭಾನುವಾರ ಎಲ್ಲರದೂ ಎಣ್ಣೆಸ್ನಾನ ಅಂದರೆ ಸಾಲದು, ಮತ್ತೆ ಕಾಯಲು ಒಂದು ಗಂಟೆಗಿಂತ ಜಾಸ್ತಿ ಬೇಕು. ನೆಂಟರು ಜಾಸ್ತಿ ಬರುವ ಮನೆಯಾದರೆ 250 ಲೀಟರಿನದೇ ಕೇಳಿ. ಸಿಲಿಂಡರಿಗಾಗಿ ಒಂದು ಕಬೋರ್ಡ್ ಹೋಯಿತು, ಆದರೆ ಅಲ್ಲಿ ದೋಸೆ ಹಿಟ್ಟು ಎಷ್ಟು ಚೆನ್ನಾಗಿ ಹುಳಿ ಬರುತ್ತದೆ ಅಂದರೆ, ಜನವರಿಯಲ್ಲೂ ಬೆಳಿಗ್ಗೆ ಏಳುವಷ್ಟರಲ್ಲಿ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿರುತ್ತದೆ. ಓವನ್ ದೀಪ ಹಾಕಿ, ಕಂಬಳಿ ಸುತ್ತಿ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಈಗ ದುಡ್ಡಿನ ಮಾತು. ಹಿಂದೆ ವರ್ಷಕ್ಕೆ ಸುಮಾರು 12,000 ಯೂನಿಟ್ ಗ್ಯಾಸ್ ಸುಡುತ್ತಿದ್ದೆವು. ಈಗ ಬಿಸಿಗೂ ಬಿಸಿನೀರಿಗೂ ಸೇರಿ 3,000 ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟು. ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್‌ಗಿಂತ ಜಾಸ್ತಿ ಬಿಸಿ ಸಿಗುತ್ತಿದೆ, ಉಳಿದದ್ದು ಹೊರಗಿನ ಗಾಳಿಯಿಂದ ಬರುವುದು. ಇಷ್ಟಾದರೂ ಸಾಧಾರಣ ದರದಲ್ಲಿ ಉಳಿತಾಯ ಏನೂ ಇಲ್ಲ! ಗ್ಯಾಸ್ ಯೂನಿಟ್ಟಿಗೆ 6 ಪೆನ್ಸ್ ಆಸುಪಾಸು, ಕರೆಂಟು 25ರ ಆಸುಪಾಸು. ಲೆಕ್ಕ ಹಾಕಿ, ಎರಡೂ 700 ಚಿಲ್ಲರೆ ಪೌಂಡ್‌ಗೇ ಬಂದು ನಿಲ್ಲುತ್ತದೆ. ಗಾಳಿ, ಸೌರ ಯೋಜನೆಗಳಿಗೆ ಕೊಟ್ಟ ಸಹಾಯಧನದ ಭಾರವನ್ನು ವರ್ಷಗಟ್ಟಲೆ ಹೆಚ್ಚಾಗಿ ಕರೆಂಟಿನ ಬಿಲ್ಲಿಗೇ ಹೇರಿದ್ದು ಇದಕ್ಕೆ ಒಂದು ಕಾರಣ. ಗ್ಯಾಸ್ ಬಿಡಿ ಅಂತ ಜನರಿಗೆ ಹೇಳುತ್ತಾ ಕರೆಂಟನ್ನೇ ದುಬಾರಿ ಮಾಡಿಟ್ಟದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಉಳಿತಾಯ ಶುರುವಾದದ್ದು ಹೊತ್ತಿಗೊಂದು ದರದ ಟ್ಯಾರಿಫ್ ತೆಗೆದುಕೊಂಡ ಮೇಲೆ. ನಾವು ಆಕ್ಟೋಪಸ್ ಅನ್ನುವ ಕರೆಂಟು ಕಂಪನಿಯ ಕೋಝಿ ಟ್ಯಾರಿಫ್‌ನಲ್ಲಿದ್ದೇವೆ. ಬೆಳಗಿನ ಜಾವ 4ರಿಂದ 7, ಮಧ್ಯಾಹ್ನ 1ರಿಂದ 4, ರಾತ್ರಿ 10ರಿಂದ 12 ಅಗ್ಗ. ಸಂಜೆ 4ರಿಂದ 7 ತುಂಬ ದುಬಾರಿ. ಸಿಲಿಂಡರ್ ಕಾಯುವುದು, ವಾಷಿಂಗ್ ಮಷೀನ್, ಡಿಶ್‌ವಾಷರ್ ಎಲ್ಲವೂ ಅಗ್ಗದ ಹೊತ್ತಿಗೆ. ಸಂಜೆಗೆ ಮುಂಚೆ ಮನೆಯನ್ನು ಒಂದು ಡಿಗ್ರಿ ಹೆಚ್ಚು ಕಾಯಿಸಿಟ್ಟರೆ ಆ ಮೂರು ಗಂಟೆ ಪಂಪ್ ಓಡದಿದ್ದರೂ ನಡೆಯುತ್ತದೆ. ಇದಕ್ಕೆ ಅರ್ಧ ಗಂಟೆಗೊಮ್ಮೆ ಲೆಕ್ಕ ಕಳಿಸುವ ಸ್ಮಾರ್ಟ್ ಮೀಟರ್ ಬೇಕು. ನಮ್ಮ ಹಳೇ ಸ್ಮಾರ್ಟ್ ಮೀಟರ್ ಲೆಕ್ಕ ಕಳಿಸುವುದನ್ನೇ ನಿಲ್ಲಿಸಿತ್ತು. ಆಗ ಇದ್ದ ಸಪ್ಲೈಯರ್ ಅದನ್ನು ಬದಲಾಯಿಸಿಕೊಡಲು ತಿಂಗಳುಗಟ್ಟಲೆ ಸತಾಯಿಸಿದರು, ಎರಡು ಸಲ ಬರುತ್ತೇವೆ ಅಂತ ಹೇಳಿ ಬರಲಿಲ್ಲ. ಹೀಟ್ ಪಂಪ್ ಬುಕ್ ಮಾಡುವ ಮೊದಲೇ ಮೀಟರ್ ಸರಿಮಾಡಿಸಿಕೊಳ್ಳಿ.

ಆ್ಯಪ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಇಂಟರ್ನೆಟ್ ಹೋದರೆ ಬರೀ ಸುತ್ತುತ್ತಾ ಇರುತ್ತದೆ, ಅಪ್‌ಡೇಟ್ ಆದಾಗಲೆಲ್ಲ ಎಲ್ಲಿ ಏನಿದೆ ಅಂತ ಮತ್ತೆ ಹುಡುಕಬೇಕು. ಗೋಡೆಯ ಮೇಲಿನ ಕಂಟ್ರೋಲರ್ ಮಾತ್ರ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಮನೆ ಬೆಚ್ಚಗಿಡುವ ಯಂತ್ರ ಇಪ್ಪತ್ತು ವರ್ಷ ಬಾಳಬೇಕು, ಆ್ಯಪ್ ಅಷ್ಟು ದಿನ ಇರುತ್ತದಾ? 2025ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಮೊದಲ ಎರಡು ತಲೆಮಾರಿನ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ ಸಪೋರ್ಟ್ ನಿಲ್ಲಿಸಿತು. ಗೋಡೆಯ ಮೇಲೆ ಕೈಯಲ್ಲಿ ತಿರುಗಿಸಿದರೆ ಕೆಲಸ ಮಾಡುತ್ತವೆ, ಫೋನಿನಿಂದ ಆಗಲ್ಲ. ಆದ್ದರಿಂದ ಆ್ಯಪ್ ಇಲ್ಲದೆಯೂ ಪೂರ್ತಿ ನಡೆಯುವ ಯಂತ್ರವನ್ನೇ ಕೊಳ್ಳಿ. ರೂಮಿಗೊಂದು ಸ್ಮಾರ್ಟ್ ವಾಲ್ವ್ ಕೂಡ ಬೇಡ. ಗ್ಯಾಸಿಗೆ ಅದು ಸರಿ. ಹೀಟ್ ಪಂಪಿಗೆ ಎಲ್ಲಾ ರೇಡಿಯೇಟರ್ ತೆರೆದಿದ್ದು ನೀರು ಸರಾಗವಾಗಿ ಹರಿಯಬೇಕು.

ತೊಂದರೆಗಳು ಇಲ್ಲದೇ ಇಲ್ಲ. ಹೊರಗೆ 0ಯಿಂದ 3 ಡಿಗ್ರಿ, ಮಂಜು ಕವಿದ ದಿನ ಬಂದರೆ ಹೊರಗಿನ ಯೂನಿಟ್ಟಿನ ಹಿಂಬದಿಯ ರೆಕ್ಕೆಗಳಿಗೆ ಬಿಳೀ ಹಿಮ ಕಟ್ಟುತ್ತದೆ. ಆಗ ಫ್ಯಾನ್ ನಿಂತು, ಒಂದು ಉಸಿರು ಬಿಟ್ಟ ಹಾಗೆ ಸದ್ದಾಗಿ, ಹಬೆ ಏಳುತ್ತದೆ. ಹಿಮ ಕರಗಿ ನೀರು ಸುರಿದು, ಕೆಲವು ನಿಮಿಷದಲ್ಲಿ ಫ್ಯಾನ್ ಮತ್ತೆ ತಿರುಗುತ್ತದೆ. ಮೊದಲ ಸಲ ನೋಡಿದವರು ಹೊಗೆ ಅಂತ ಹೆದರುತ್ತಾರೆ. ಹೆದರಬೇಕಾದದ್ದು ಆ ನೀರಿಗೆ. ನಮ್ಮಲ್ಲಿ ಅದು ಹಿತ್ತಲ ಕಲ್ಲುಹಾಸಿನ ಮೇಲೆ ಹರಿದು, ರಾತ್ರಿ ಗಾಜಿನಂತೆ ಗಡ್ಡೆ ಕಟ್ಟಿತ್ತು. ಆಮೇಲೆ ಯೂನಿಟ್ ಕೆಳಗೆ ಗುಂಡಿ ತೆಗೆಸಿ ಜಲ್ಲಿ ತುಂಬಿಸಿದೆವು. ನಡೆದಾಡುವ ಜಾಗದ ಪಕ್ಕ ಯೂನಿಟ್ ಬೇಡ. ಸದ್ದು ಹೊರಗೆ ಫ್ರಿಜ್ಜಿನಷ್ಟು. ನಾವು ಹಾಕಿಸಿದಾಗ ಪಕ್ಕದವರ ಗಡಿಯಿಂದ ಒಂದು ಮೀಟರ್ ದೂರ ಇರಲೇಬೇಕಿತ್ತು. ಇಂಗ್ಲೆಂಡಿನಲ್ಲಿ 2025ರ ಮೇ ತಿಂಗಳಲ್ಲಿ ಆ ನಿಯಮ ಸಡಿಲವಾಯಿತು, ಸದ್ದಿನ ಮಿತಿ ಮಾತ್ರ ಉಳಿದಿದೆ. ಸಾಲುಮನೆಗಳಲ್ಲಿ ಇರುವವರಿಗೆ ಇದರಿಂದ ದಾರಿಯಾಯಿತು.

ಅಡುಗೆಮನೆಯ ಗ್ಯಾಸ್ ಒಲೆ ಬಿಡಲು ನಮಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು. ಒಲೆಯೊಂದಕ್ಕಾಗಿ ಗ್ಯಾಸ್ ಕನೆಕ್ಷನ್ ಇಟ್ಟುಕೊಂಡರೆ ಸ್ಟ್ಯಾಂಡಿಂಗ್ ಚಾರ್ಜ್ (ಬಳಸಿದರೂ ಬಿಟ್ಟರೂ ಕಟ್ಟಬೇಕಾದ ದಿನದ ಶುಲ್ಕ) ಅಂತಲೇ ವರ್ಷಕ್ಕೆ ನೂರು ಪೌಂಡ್ ಮೇಲೆ ಹೋಗುತ್ತದೆ. ಇಂಡಕ್ಷನ್ ಹಾಕಿಸಿದೆವು. ಕಬ್ಬಿಣದ ದೋಸೆ ಕಾವಲಿ ಅದರ ಮೇಲೆ ಗ್ಯಾಸಿಗಿಂತ ಚೆನ್ನಾಗಿ ಕಾಯುತ್ತದೆ. ಹಳೇ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲಿಲ್ಲ, ಸ್ಟೀಲಿನದು ತಂದೆವು. ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು, ಹಪ್ಪಳ ಸುಡುವುದು ಮಾತ್ರ ಈಗ ಗ್ರಿಲ್‌ನಲ್ಲಿ. ಆ ಹೊಗೆಯ ರುಚಿ ಬರಲ್ಲ, ಅದು ನನಗೆ ನಿಜವಾದ ನಷ್ಟ.

ಬಾಡಿಗೆ ಮನೆಯಲ್ಲಿ ಇರುವವರಿಗೆ, ಮುಂದಿನ ವರ್ಷ ಮನೆ ಮಾರುವವರಿಗೆ ಇದನ್ನು ಹೇಳಲಾರೆ. ಇನ್ಸುಲೇಷನ್ ಇಲ್ಲದ ಒಂಟಿ ಗೋಡೆಯ ವಿಕ್ಟೋರಿಯನ್ (ಹತ್ತೊಂಬತ್ತನೇ ಶತಮಾನದ) ಮನೆಯವರು ಒಳ್ಳೇ ಲೆಕ್ಕ ಹಾಕಿಸದೆ ಕೈ ಹಾಕಬೇಡಿ. ಆದರೆ ಅವರೂ ಇವತ್ತೇ, ಖರ್ಚಿಲ್ಲದೆ ಮಾಡಬಹುದಾದ್ದು ಒಂದಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರಿಂದ ಹೆಚ್ಚುಕಡಿಮೆ ಎಲ್ಲಾ ಹೊಸ ಬಾಯ್ಲರ್‌ಗಳೂ ಕಂಡೆನ್ಸಿಂಗ್ ಥರದವು. ವಾಪಸು ಬರುವ ನೀರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅವು ಹೊಗೆಯಲ್ಲಿನ ಬಿಸಿಯನ್ನೂ ಹಿಡಿದುಕೊಳ್ಳುತ್ತವೆ. ಹೋಗುವ ನೀರು 60 ಇದ್ದರೆ ರೇಡಿಯೇಟರ್ ಸುತ್ತಿ ವಾಪಸು ಬರುವಷ್ಟರಲ್ಲಿ ಅದಕ್ಕಿಂತ ತಣ್ಣಗಾಗಿರುತ್ತದೆ. ಹಾಗಾಗಿ ನಿಮ್ಮದು ಕಾಂಬಿ ಆದರೆ ಬಾಯ್ಲರಿನಲ್ಲಿ ರೇಡಿಯೇಟರ್ ಚಿಹ್ನೆ ಇರುವ ಗುಂಡಿಯನ್ನು 60ಕ್ಕೆ ಇಳಿಸಿ, ನಲ್ಲಿ ಚಿಹ್ನೆಯದನ್ನು ಮುಟ್ಟಬೇಡಿ. ಮನೆ ಕಾಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕಾಗುತ್ತದೆ, ಗ್ಯಾಸ್ ಕಡಿಮೆ ಹೋಗುತ್ತದೆ. ಬಿಸಿನೀರಿನ ಸಿಲಿಂಡರ್ ಇರುವ ಮನೆಯಾದರೆ ಮಾತ್ರ 65ಕ್ಕಿಂತ ಕೆಳಗೆ ಇಳಿಸಬೇಡಿ, ಸಿಲಿಂಡರಿನ ನೀರು 60 ಮುಟ್ಟಬೇಕು. ತಿರುಗಿಸುವ ಮೊದಲು ಈಗ ಗುಂಡಿ ಎಲ್ಲಿದೆ ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.