ಗ್ವೇಲಿಂಗ್‌ಗಾವೋ, ಗ್ರಾಸ್ ಜೆಲ್ಲಿಯೋ?

ಹಾಂಗ್‌ಕಾಂಗ್‌ನ ಸಿಹಿತಿಂಡಿ ಅಂಗಡಿಗಳಲ್ಲಿ ಎರಡು ಕಪ್ಪು ಜೆಲ್ಲಿಗಳು ಸಿಗುತ್ತವೆ. ನೋಡೋಕೆ ಹೆಚ್ಚುಕಮ್ಮಿ ಒಂದೇ, ಒಳಗಿರುವುದು ಮಾತ್ರ ಬೇರೆ.

ಸಸ್ಯಾಹಾರಿಗಳು ಮೊದಲು ತಿಳಿಯಬೇಕಾದ್ದು ಇದು: ಚೀನಾದ ಗುವಾಂಗ್‌ಶಿ ಸ್ವಾಯತ್ತ ಪ್ರದೇಶದ ವುಝೌ ಊರಿಗೆ ಹೆಸರು ತಂದ ಗ್ವೇಲಿಂಗ್‌ಗಾವ್‌ಗೆ ಸಾಂಪ್ರದಾಯಿಕವಾಗಿ ಆಮೆಯ ಹೊಟ್ಟೆಭಾಗದ ಚಿಪ್ಪನ್ನು ಗಿಡಮೂಲಿಕೆಗಳ ಜೊತೆ ಕುದಿಸುತ್ತಾರೆ. ಅಗ್ಗದ ಎಷ್ಟೋ ಡಬ್ಬಿಗಳಲ್ಲಿ ಈಗ ಆಮೆ ಇರುವುದಿಲ್ಲ, ಆದರೂ ಲೇಬಲ್ ಓದದೆ ನಂಬಬೇಡಿ. ರುಚಿ ಕಷಾಯದಂತೆ ಕಹಿ, ಹಾಗಾಗಿ ಜೇನು ಅಥವಾ ಸಕ್ಕರೆ ಪಾಕ ಸುರಿದುಕೊಂಡು ತಿನ್ನುತ್ತಾರೆ. ಮೈಯ ಉಷ್ಣ ಇಳಿಸುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ದಯವಿಟ್ಟು ಔಷಧಿ ಅಂತ ಕೊಳ್ಳಬೇಡಿ.

ಗ್ರಾಸ್ ಜೆಲ್ಲಿ ಗಿಡದ್ದೇ. ತುಳಸಿ, ಪುದೀನ ಕುಟುಂಬದ ಸಿಯೆನ್‌ಸಾವ್ ಗಿಡದ ಒಣಗಿದ ಕಾಂಡ, ಎಲೆಗಳನ್ನು ಕ್ಷಾರ ಬೆರೆಸಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಸೋಸಿ, ಪಿಷ್ಟ ಸೇರಿಸಿ ಆರಲು ಬಿಡುತ್ತಾರೆ. ಚೆನ್ನಾಗಿ ಮಾಡಿದ್ದು ಚಮಚದ ಮೇಲೆ ನಡುಗುತ್ತದೆ. ಕಹಿ ತೀರಾ ಸಣ್ಣದು, ಗಿಡದ ಘಮ ಹಿಂದೆಯೇ ಬರುತ್ತದೆ. ತೈವಾನ್‌ನಲ್ಲಿ ಚಳಿಗಾಲಕ್ಕೆ ಇದನ್ನೇ ಬಿಸಿಬಿಸಿಯಾಗಿಯೂ ಕೊಡುತ್ತಾರೆ.

ಮೊದಲ ಸಲ ತಿನ್ನುವವರಿಗೆ ನನ್ನ ಆಯ್ಕೆ ಗ್ರಾಸ್ ಜೆಲ್ಲಿ, ಅದೂ ತಣ್ಣನೆ ತೆಂಗಿನ ಹಾಲಿನ ಜೊತೆ. ಹಾಗಲಕಾಯಿಯನ್ನು ಖುಷಿಯಿಂದ ತಿನ್ನುವ ಮಾಂಸಾಹಾರಿಗಳು ಗ್ವೇಲಿಂಗ್‌ಗಾವ್ ಕೇಳಬಹುದು.